ನೀರುಗೆಳತಿಯ ಕಥೆ ಬರೆಯಲು ಹೋಗಿ

(ನಮ್ಮ ಓದುಗರ ಬಳಗದ ತಿಂಗಳ ಸಭೆಯಲ್ಲಿ ಆಡಿದ ಮಾತುಗಳು. ಕೆಲವರು ಕೇಳಿದ್ದರಿಂದ ಬರೆದುಕೊಟ್ಟಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನೂ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಒಂದು ಕೆಟ್ಟ ಕಥೆಯಿಂದ ಶುರುವಾಗುತ್ತದೆ. ಬರೆದವಳು ನಾನೇ, ಹಾಗಾಗಿ ಯಾರಿಗೂ ಬೇಜಾರಾಗುವುದಿಲ್ಲ.

ಕೊರಿಯಾದ ದಕ್ಷಿಣಕ್ಕೆ ಜೆಜು ಅಂತ ಒಂದು ದ್ವೀಪ ಇದೆ. ನಡುವೆ ಹಲ್ಲಾಸಾನ್ ಎಂಬ ಜ್ವಾಲಾಮುಖಿ ಬೆಟ್ಟ, ಸುತ್ತ ಕಪ್ಪು ಕಲ್ಲು, ಮೂರು ಹೊತ್ತೂ ಗಾಳಿ. ಅಲ್ಲಿನ ಹೆಂಗಸರು ಸಮುದ್ರದಲ್ಲಿ ಮುಳುಗಿ ಚಿಪ್ಪುಜೀವಿ, ಪಾಚಿ ತೆಗೆದು ಸಂಸಾರ ನಡೆಸುತ್ತಾರೆ. ಅವರಿಗೆ ಹೆನ್ಯೊ ಎನ್ನುತ್ತಾರೆ, ಅಂದರೆ ಸಮುದ್ರದ ಹೆಂಗಸರು. ಆಮ್ಲಜನಕದ ಸಿಲಿಂಡರ್ ಇಲ್ಲ. ಒಂದು ಉಸಿರು, ಹತ್ತು ಮೀಟರ್ ಆಳ, ಒಂದೆರಡು ನಿಮಿಷ. ಇವರ ಬಗ್ಗೆ ಓದಿ ನನಗೆ ಹುಚ್ಚು ಹಿಡಿಯಿತು. ಸರಿ, 1938ರ ಕಥೆ ಅಂತ ಒಂದು ಬರೆದೆ. ಇಬ್ಬರು ಗೆಳತಿಯರು. ಮುಳುಗಿ ಎದ್ದು ಬಂದು, ಕಪ್ಪು ರಬ್ಬರ್ ಉಡುಪಿನಲ್ಲೇ ಬೆಂಕಿ ಕಾಯಿಸುತ್ತಾ ಕೂತು, ಬಿಸಿ ಬಿಸಿ ಬಿಳಿ ಅನ್ನ ಉಣ್ಣುತ್ತಾರೆ. ಆಮೇಲೆ ಒಂದು ದಿನ ಜಗಳವಾಗುತ್ತದೆ. ಒಬ್ಬಳು ಸಿಟ್ಟಿನಲ್ಲಿ ಒಬ್ಬಳೇ ಸಮುದ್ರಕ್ಕೆ ಹೋಗುತ್ತಾಳೆ. ವಾಪಸ್ ಬರುವುದಿಲ್ಲ. ಓದಿ ನಾನೇ ಅತ್ತಿದ್ದೆ.

ಕೊರಿಯಾದಲ್ಲಿ ನಾಲ್ಕು ವರ್ಷ ಕೆಲಸ ಮಾಡಿ ಬಂದ ಗೆಳತಿಯೊಬ್ಬಳಿಗೆ ತೋರಿಸಿದೆ. ಅವಳು ಅಳಲಿಲ್ಲ. "ಇವರು ಯಾವ ಕಾಲದವರೇ? ಯಾವ ದೇಶದವರು?" ಅಂದಳು.

ರಬ್ಬರ್ ಉಡುಪು ಜೆಜುಗೆ ಬಂದದ್ದೇ 1970ರ ದಶಕದ ಶುರುವಿನಲ್ಲಿ. ಅದಕ್ಕೂ ಮೊದಲು ಮುಲ್‌ಸೊಜುಂಗಿ ಎಂಬ ಹತ್ತಿಬಟ್ಟೆಯ ಉಡುಪು. ಒಂದು ಪಕ್ಕ ಹೊಲಿದಿರುವುದಿಲ್ಲ, ಕಟ್ಟಿಕೊಳ್ಳಬೇಕು. ಯಾಕೆ ಅಂದರೆ ಬಸುರಿ ಹೆಂಗಸರೂ ಮುಳುಗುತ್ತಿದ್ದರು. ಹೊಟ್ಟೆ ಬೆಳೆದ ಹಾಗೆ ಕಟ್ಟು ಸಡಿಲ ಮಾಡಿಕೊಳ್ಳುವುದು. ಇಂಥ ಒಂದು ಬಟ್ಟೆಯ ಕಟ್ಟು ನನ್ನ ಹತ್ತು ಪುಟದ ವರ್ಣನೆಗಿಂತ ಜಾಸ್ತಿ ಹೇಳುತ್ತದೆ, ಅಲ್ವಾ? ನಾನು ಅದನ್ನು ಬಿಟ್ಟು ರಬ್ಬರ್ ತೊಡಿಸಿ ಕೂರಿಸಿದ್ದೆ.

ಇದು ಬರೀ ಬಟ್ಟೆಯ ತಪ್ಪಾಗಿದ್ದರೆ ತಿದ್ದಿ ಮುಂದೆ ಹೋಗಬಹುದಿತ್ತು. ಆದರೆ ಬಟ್ಟೆ ಬದಲಾದರೆ ಇಡೀ ದಿನವೇ ಬದಲಾಗುತ್ತದೆ. ಚಳಿಗಾಲದಲ್ಲಿ ಅಲ್ಲಿನ ನೀರು ಬಹಳ ತಣ್ಣಗಿರುತ್ತದೆ. ಹತ್ತಿಬಟ್ಟೆಯಲ್ಲಿ ಅರ್ಧ ಗಂಟೆ ಇರುವುದೂ ಕಷ್ಟ. ಮೈ ಮರಗಟ್ಟುವ ಮೊದಲು ದಡಕ್ಕೆ ಬರಬೇಕು, ಬೆಂಕಿ ಕಾಯಿಸಬೇಕು, ಮತ್ತೆ ಇಳಿಯಬೇಕು. 1960ರ ದಶಕದಲ್ಲಿ ಹೊಂಗ್ ಸುಕ್ ಕಿ ಎಂಬ ಕೊರಿಯಾದ ಶರೀರವಿಜ್ಞಾನಿ ಇವರನ್ನು ಪರೀಕ್ಷೆ ಮಾಡಿದರು. ಚಳಿಗಾಲ ಬಂತೆಂದರೆ ಈ ಹೆಂಗಸರ ಮೈ ಸುಮ್ನೆ ಕೂತಾಗಲೂ ಜಾಸ್ತಿ ಶಾಖ ಹುಟ್ಟಿಸುತ್ತಿತ್ತು. ರಬ್ಬರ್ ಉಡುಪು ಬಂದ ಮೇಲೆ ಕೆಲವೇ ವರ್ಷದಲ್ಲಿ ಆ ಶಕ್ತಿ ಹೋಯಿತು. "ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು" ಅಂತ ನಾವು ಮಾತಿಗೆ ಹೇಳುತ್ತೇವೆ. ಅವರ ಮೈಯೇ ಅದನ್ನು ಕಲಿತಿತ್ತು.

ಬೆಂಕಿ ಕಾಯಿಸುವ ಜಾಗಕ್ಕೆ ಬುಲ್ತೊಕ್ ಅಂತ ಹೆಸರು. ದಡದಲ್ಲಿ ಕಪ್ಪು ಕಲ್ಲಿನ ದುಂಡಗಿನ ಗೋಡೆ, ಮೇಲೆ ಸೂರಿಲ್ಲ, ನಡುವೆ ಬೆಂಕಿ. ಬಟ್ಟೆ ಬದಲಿಸುವುದು ಅಲ್ಲಿ, ಮಗುವಿಗೆ ಹಾಲು ಕೊಡುವುದು ಅಲ್ಲಿ. ಯಾವ ದಿನ ಎಲ್ಲಿ ಮುಳುಗಬೇಕು, ಯಾರ ಮನೆಯ ಕಷ್ಟಕ್ಕೆ ಎಷ್ಟು ಕೊಡಬೇಕು, ಎಲ್ಲ ತೀರ್ಮಾನ ಅಲ್ಲೇ. ಕೂರುವುದಕ್ಕೂ ಕ್ರಮ ಇದೆ. ಹೊಗೆ ಬಾರದ ಕಡೆ ಸಂಗುನ್, ಅಂದರೆ ಎಲ್ಲರಿಗಿಂತ ಆಳಕ್ಕೆ ಹೋಗಬಲ್ಲವರು. ಆಮೇಲೆ ಜುಂಗ್ಗುನ್. ಹೊಗೆ ಕಣ್ಣಿಗೆ ಬರುವ ಕಡೆ ಹಾಗುನ್, ಹೊಸಬರು. ಒಲೆ ಊದುವ ಸೊಸೆಯ ಜಾಗ ಅಂತ ಇಟ್ಟುಕೊಳ್ಳಿ.

ಅನ್ನದ ತಪ್ಪಿನ ಬಗ್ಗೆ ಕೊನೆಗೆ ಹೇಳುತ್ತೇನೆ. ಅದು ದೊಡ್ಡದು.

ಇನ್ನೊಂದು ತಪ್ಪು, ಒಬ್ಬಳೇ ಸಮುದ್ರಕ್ಕೆ ಹೋಗುವುದು. ಅಲ್ಲಿ ಹಾಗೆ ಹೋಗುವ ಹಾಗೇ ಇಲ್ಲ. ಜೆಜು ಮಾತಿನಲ್ಲಿ ಒಂದು ಪದ ಇದೆ, ಮುಲ್‌ಬೊತ್. ಮುಲ್ ಅಂದರೆ ನೀರು, ಬೊತ್ ಅಂದರೆ ಗೆಳತಿ. ನಾನು ನೀರುಗೆಳತಿ ಅನ್ನುತ್ತೇನೆ. ಜೊತೆಗೆ ಮುಳುಗುವವಳು. ಅವಳು ನಿಮಗೆ ಇಷ್ಟವೋ ಇಲ್ಲವೋ, ಅದು ಆಮೇಲಿನ ಮಾತು. ನೀವು ಕೆಳಗೆ ಹೋದಾಗ ಅವಳ ಒಂದು ಕಣ್ಣು ನಿಮ್ಮ ತೇವಾಕ್ ಮೇಲೆ ಇರಬೇಕು.

ತೇವಾಕ್ ಅಂದರೆ ನೀರಿನ ಮೇಲೆ ತೇಲುವ ಬುರುಡೆ. ಕೆಳಗೆ ಬಲೆ ಕಟ್ಟಿರುತ್ತಾರೆ. ಇದು ಏನು ಅಂತ ಹುಡುಕಿದರೆ, ನಮ್ಮ ಸೋರೆಬುರುಡೆ! ಅದೇ ಬಳ್ಳಿ, ಅದೇ ಕಾಯಿ. ನಮ್ಮ ಹಳ್ಳಿಗಳಲ್ಲಿ ಬಾವಿಯಲ್ಲಿ ಈಜು ಕಲಿಯುವ ಹುಡುಗರ ಬೆನ್ನಿಗೆ ಕಟ್ಟುತ್ತಿದ್ದರಲ್ಲ, ಅದು. ಈಗ ಅಲ್ಲಿ ಥರ್ಮಾಕೋಲ್ ಬಂದಿದೆ.

ಮೇಲೆ ಬಂದ ಕೂಡಲೇ ಅವರು ಉಸಿರನ್ನು ಸಿಳ್ಳೆಯ ಹಾಗೆ ಬಿಡುತ್ತಾರೆ. ಅದಕ್ಕೆ ಸುಂಬಿಸೊರಿ ಎನ್ನುತ್ತಾರೆ. ಆ ಸದ್ದು ಕೇಳಿದರೆ ಪಕ್ಕದವಳಿಗೆ ಸಮಾಧಾನ, ಇವಳು ಬಂದಳು ಅಂತ. ಇನ್ನೊಂದು ಪದ ಮುಲ್‌ಸುಮ್, ನೀರಿನ ಉಸಿರು. ಇದು ಭಯದ ಪದ. ಉಸಿರು ಮುಗಿಯುತ್ತಾ ಬಂದಿದೆ, ಮೇಲೆ ಹೊರಟಿದ್ದೀರಿ, ಅಷ್ಟರಲ್ಲಿ ಬಂಡೆಗೆ ಕಚ್ಚಿಕೊಂಡ ಅಬಲೋನ್ ಎಂಬ ದೊಡ್ಡ ಚಿಪ್ಪುಜೀವಿ ಕಾಣುತ್ತದೆ. ಒಂದು ಚಿಪ್ಪಿಗೆ ಒಳ್ಳೇ ಬೆಲೆ. ಇನ್ನೊಂದೇ ಕ್ಷಣ ಅಂತ ಕೈ ಹಾಕುತ್ತೀರಿ. ಅಲ್ಲಿಗೆ ಮುಗಿಯಿತು. ಹಿರಿಯರು ಹೊಸ ಹುಡುಗಿಗೆ ಮುಳುಗುವುದಕ್ಕಿಂತ ಮೊದಲು ಹೇಳಿಕೊಡುವುದು ಇದನ್ನೇ, ಆಸೆ ಬೇಡ ಅಂತ. ಪರಲೋಕದಲ್ಲಿ ದುಡಿದು ಈ ಲೋಕದಲ್ಲಿ ಖರ್ಚು ಮಾಡುತ್ತೇವೆ ಅನ್ನುವುದು ಅವರದೇ ಗಾದೆ.

ಹಂಚಿಕೊಳ್ಳುವ ಪದ್ಧತಿಗಳೂ ಇವೆ. ಬಲೆ ತುಂಬದ ಹುಡುಗಿಯ ಬಲೆಗೆ ಹಿರಿಯಳು ತನ್ನದರಲ್ಲಿ ಒಂದಿಷ್ಟು ಹಾಕುತ್ತಾಳೆ. ದಡದ ಹತ್ತಿರದ ಆಳವಿಲ್ಲದ ನೀರನ್ನು ಮುದುಕಿಯರಿಗೆ ಅಂತಲೇ ಬಿಡುತ್ತಾರೆ. ಅದರ ಹೆಸರೇ ಹಲ್ಮಾಂಗ್ ಬಾದಾಂಗ್, ಅಜ್ಜಿಯರ ಸಮುದ್ರ. ಹುಡುಗಿಯರು ಅಲ್ಲಿಗೆ ಕೈ ಹಾಕಬಾರದು.

ಇಲ್ಲಿ ಒಬ್ಬರು ಕೇಳಿದರು: "ಮೇಡಂ, ಗಂಡಸರು ಏನು ಮಾಡುತ್ತಿದ್ದರು? ಮನೆಯಲ್ಲಿ ಕೂತಿದ್ದರಾ?" ಎಲ್ಲರೂ ನಕ್ಕರು. ಕೆಲವು ಕಥೆಗಳಲ್ಲಿ ಜೆಜು ಗಂಡಸರನ್ನು ಸೋಮಾರಿಗಳು ಅಂತ ತೋರಿಸುತ್ತಾರೆ. ನನಗೆ ಅದು ಅಷ್ಟು ಸರಿ ಅನ್ನಿಸುವುದಿಲ್ಲ. ದೋಣಿಯಲ್ಲಿ ಹೋದವರು ಬಿರುಗಾಳಿಗೆ ಸಿಕ್ಕಿ ಸತ್ತರು. ಹಳೇ ಕಾಲದಲ್ಲಿ ಅರಸನಿಗೆ ಅಬಲೋನ್ ಕಪ್ಪ ಕೊಡಬೇಕಿತ್ತು. ಆ ಕಾಟ ತಡೆಯಲಾರದೆ ಗಂಡಸರು ದ್ವೀಪ ಬಿಟ್ಟು ಓಡಿದರು, ಹೊರೆ ಹೆಂಗಸರ ಮೇಲೆ ಬಿತ್ತು. ಇನ್ನು ಇಪ್ಪತ್ತನೇ ಶತಮಾನದ ಗಂಡಸರು ಎಲ್ಲಿ ಹೋದರು ಅನ್ನುವುದೇ ಮುಂದಿನ ಮಾತು.

1910ರಲ್ಲಿ ಜಪಾನ್ ಕೊರಿಯಾವನ್ನು ನುಂಗಿತು. ಹೆನ್ಯೊಗಳು ತೆಗೆದ ಪಾಚಿ, ಚಿಪ್ಪು ಎಲ್ಲ ಜಪಾನಿನ ಮಾರುಕಟ್ಟೆಗೆ. ಅವರ ಹೆಸರಿನಲ್ಲೇ ಒಂದು ಸಂಘ, ಅದಕ್ಕೆ ಅಧ್ಯಕ್ಷ ಜಪಾನಿ ದ್ವೀಪಾಧಿಕಾರಿ. ಸಂಘವೂ ವ್ಯಾಪಾರಿಯೂ ಸೇರಿ ಬೆಲೆ ಬೀಳಿಸಿದರು. ಹಾದೊ ಎಂಬ ಹಳ್ಳಿಯಲ್ಲಿ ರಾತ್ರಿ ಶಾಲೆ ಇತ್ತು. ಹಗಲು ಮುಳುಗಿ ಬಂದ ಹುಡುಗಿಯರು ಅಲ್ಲಿ ಓದು, ಬರಹ, ಲೆಕ್ಕ ಕಲಿತರು. ತೂಕದ ಮೋಸ, ಬೆಲೆಯ ಮೋಸ ಕಣ್ಣಿಗೆ ಬಿತ್ತು. 1932ರ ಜನವರಿಯಲ್ಲಿ ಸೆಹ್ವಾ ಸಂತೆಯ ದಿನ ಮುಳುಗುವ ಬಟ್ಟೆ ಉಟ್ಟು, ಕೈಯಲ್ಲಿ ಚಿಪ್ಪು ಕೀಳುವ ಸಲಾಕೆ, ಕುಡಗೋಲು ಹಿಡಿದು ಮೆರವಣಿಗೆ ಹೊರಟರು. ಐದು ದಿನ ಬಿಟ್ಟು ಮತ್ತೆ ಬಂದು ದ್ವೀಪಾಧಿಕಾರಿಯ ಕಾರನ್ನೇ ಸುತ್ತುವರಿದರು. ಮುಂದೆ ನಿಂತವರು ಬು ಚುನ್‌ಹ್ವಾ, ಕಿಮ್ ಒಕ್‌ರ್ಯೊನ್, ಬು ದೊಕ್‌ರ್ಯಾಂಗ್. ಮೂವರೂ ಆ ರಾತ್ರಿ ಶಾಲೆಯವರು, ಮೂವರೂ ಜೈಲಿಗೆ ಹೋದರು. ದೊಕ್‌ರ್ಯಾಂಗ್ 1939ರಲ್ಲೇ ತೀರಿಕೊಂಡಳು, ಇನ್ನೂ ಮೂವತ್ತೂ ಆಗಿರಲಿಲ್ಲ. ಚಳವಳಿ ನಡೆದ ಮೂರು ತಿಂಗಳಲ್ಲಿ ಒಟ್ಟು 17,000 ಹೆಂಗಸರು ಬೀದಿಗೆ ಇಳಿದರು ಅಂತ ಲೆಕ್ಕ.

ನನ್ನ ಕಥೆ 1938ರದು. ಅಂದರೆ ನನ್ನ ಇಬ್ಬರು ಹುಡುಗಿಯರು ಈ ಮೆರವಣಿಗೆಯನ್ನು ಚಿಕ್ಕವರಿದ್ದಾಗ ನೋಡಿರಲೇಬೇಕು. ನಾನು ಅದರ ಒಂದು ಸಾಲೂ ಬರೆದಿರಲಿಲ್ಲ. ಅವರಿಗೆ ತಾಯಂದಿರೇ ಇಲ್ಲದ ಹಾಗೆ ಬರೆದಿದ್ದೆ.

ಆಮೇಲೆ ಯುದ್ಧ. ಜೆಜುವಿನ ನೈಋತ್ಯ ಮೂಲೆಯಲ್ಲಿ ಆಲ್ತ್ರೆ ಎಂಬ ಬಯಲು. ಜಪಾನಿನವರು ರೈತರ ಹೊಲ ಕಿತ್ತುಕೊಂಡು ಅಲ್ಲಿ ವಿಮಾನ ನಿಲ್ದಾಣ ಮಾಡಿದರು. 1937ರಲ್ಲಿ ಚೀನಾದ ನಾನ್‌ಜಿಂಗ್ ಮೇಲೆ ಬಾಂಬ್ ಹಾಕಲು ಆ ನೆಲವನ್ನು ಬಳಸಿದರು. ವಿಮಾನ ನಿಲ್ಲಿಸುವ ಸಿಮೆಂಟು ಗೂಡುಗಳು ಇವತ್ತಿಗೂ ಆಲೂಗಡ್ಡೆ, ಮೂಲಂಗಿ ಹೊಲಗಳ ನಡುವೆ ಇವೆ. ಹೆನ್ಯೊಗಳ ಪಾಲಿಗೆ ಯುದ್ಧ ಬಂದದ್ದು ಗಮ್ತೆ ಎಂಬ ಕಂದು ಪಾಚಿಯ ರೂಪದಲ್ಲಿ. ಇಷ್ಟು ತಂದುಕೊಡಲೇಬೇಕು ಅಂತ ಅಪ್ಪಣೆ. ಅದನ್ನು ಸುಟ್ಟ ಬೂದಿಯಿಂದ ಅಯೋಡಿನ್, ಪೊಟ್ಯಾಶಿಯಂ ತೆಗೆಯುತ್ತಿದ್ದರು. ಒಂದು ಸೈನಿಕನ ಗಾಯಕ್ಕೆ, ಇನ್ನೊಂದು ಸಿಡಿಮದ್ದಿಗೆ. 1945ರ ಹೊತ್ತಿಗೆ ದ್ವೀಪದಲ್ಲಿ ಸುಮಾರು 70,000 ಜಪಾನಿ ಸೈನಿಕರು. ಅಮೆರಿಕದವರು ಇಲ್ಲೇ ಇಳಿಯುತ್ತಾರೆ ಅಂತ ಕಾದಿದ್ದರು. ಊರಿನವರನ್ನು ಹಿಡಿದು ಸೊಂಗಾಕ್‌ಸಾನ್ ಬೆಟ್ಟದ ಬುಡದಲ್ಲಿ, ಸಮುದ್ರದ ಅಂಚಿಗೆ, ಗುಹೆ ಕೊರೆಸಿದರು. ಹಡಗಿಗೆ ಗುದ್ದಿ ಸಾಯುವ ದೋಣಿಗಳನ್ನು ಅಡಗಿಸಲು ಆ ಗುಹೆಗಳು. ಗಂಡಸರು ಕಲ್ಲು ಕೊರೆದರು, ಇಲ್ಲ ಜಪಾನಿನ ಕಾರ್ಖಾನೆ, ಗಣಿಗೆ ಹೋದರು. ಜೆಜುವಿಂದ ಒಸಾಕಾಕ್ಕೆ ಹಡಗು 1920ರ ದಶಕದಿಂದಲೇ ಓಡುತ್ತಿತ್ತು. ಹೆಂಗಸರೂ ಮುಳುಗುವ ಕೆಲಸಕ್ಕೆ ಜಪಾನ್, ಚೀನಾ, ರಷ್ಯಾದ ವ್ಲಾದಿವೊಸ್ತೊಕ್‌ವರೆಗೂ ಹೋಗಿ ಬರುತ್ತಿದ್ದರು.

ಆಗಸ್ಟ್ 15, 1945. ಜಪಾನ್ ಸೋತಿತು. ನಮ್ಮಲ್ಲಿ ಎಷ್ಟೋ ಜನ ಜಪಾನ್ ಸೋತ ದಿನಕ್ಕೆ ಕಥೆ ಮುಗಿಸುತ್ತಾರೆ. ಜೆಜು ಕಥೆ ಬರೆಯುವವರು ಹಾಗೆ ಮುಗಿಸಿದರೆ ಅದು ಸುಳ್ಳು. ಅಲ್ಲಿ ಅಸಲಿ ಯುದ್ಧ ನಡೆದದ್ದು ಯುದ್ಧ ಮುಗಿದ ಮೇಲೆ.

ಚಿಕ್ಕದಾಗಿ ಹೇಳುತ್ತೇನೆ. ಜಪಾನಿನಿಂದ ಸುಮಾರು 60,000 ಜನ ಒಮ್ಮೆಗೇ ಊರಿಗೆ ಬಂದರು. ಕೆಲಸವಿಲ್ಲ, ಕಾಳಿಲ್ಲ, 1946ರಲ್ಲಿ ಕಾಲರಾ. ಕೊರಿಯಾ ಎರಡು ಹೋಳಾಗುತ್ತಿತ್ತು. ದಕ್ಷಿಣದಲ್ಲಿ ಅಮೆರಿಕದ ಸೇನಾ ಆಡಳಿತ. 1947ರ ಮಾರ್ಚ್ 1ರಂದು ಪೊಲೀಸರು ಜನರ ಮೇಲೆ ಗುಂಡು ಹಾರಿಸಿದರು, ಆರು ಜನ ಸತ್ತರು. 1948ರ ಏಪ್ರಿಲ್ 3ರಂದು ಎಡಪಂಥೀಯರ ಸಣ್ಣ ಗುಂಪೊಂದು ಪೊಲೀಸ್ ಠಾಣೆಗಳ ಮೇಲೆ ಬಿತ್ತು. ಅದಕ್ಕೇ ಇಡೀ ದುರಂತವನ್ನು ಅಲ್ಲಿಯವರು ಸುಮ್ನೆ 4·3 ಅನ್ನುತ್ತಾರೆ. ಆ ವರ್ಷದ ಅಕ್ಟೋಬರ್‌ನಲ್ಲಿ ಸೇನೆಯ ಆದೇಶ ಬಂತು. ದಡದಿಂದ ಐದು ಕಿಲೋಮೀಟರ್ ದಾಟಿ ಒಳನಾಡಿನಲ್ಲಿ ಯಾರು ಕಂಡರೂ ಗುಂಡು. ಬೆಟ್ಟದ ತಪ್ಪಲಿನ ಹಳ್ಳಿಗಳನ್ನು ಸುಟ್ಟರು. ಮನೆಯ ಹುಡುಗ ಕಾಣೆಯಾಗಿದ್ದರೆ, ಬೆಟ್ಟದಲ್ಲಿ ಅಡಗಿದ್ದ ಬಂಡಾಯಗಾರರನ್ನು ಸೇರಿದ ಅಂತ ಅವನ ಬದಲು ಅಪ್ಪನನ್ನೋ ಅಮ್ಮನನ್ನೋ ಹೆಂಡತಿಯನ್ನೋ ಕೊಂದರು. ಒಟ್ಟು 25,000ದಿಂದ 30,000 ಜನ ಸತ್ತರು ಅಂತ ಅಂದಾಜು. ದ್ವೀಪದ ಹತ್ತರಲ್ಲಿ ಒಬ್ಬರು. ಕೊಂದವರಲ್ಲಿ ಬಹುಪಾಲು ಸರ್ಕಾರದ ಕಡೆಯವರು. ಬೆಟ್ಟದವರೂ ಕೊಂದಿದ್ದಾರೆ.

ನಮ್ಮ ವಿಷಯಕ್ಕೆ ಬೇಕಾದ್ದು ಒಂದು ಊರು, ಬುಕ್‌ಚೊನ್. ಸಮುದ್ರದ ಅಂಚಿನ ಹಳ್ಳಿ. 1949ರ ಜನವರಿ 17. ಊರಿನ ಹತ್ತಿರ ಇಬ್ಬರು ಸೈನಿಕರು ಸತ್ತರು. ಸೇನೆ ಬಂದು ಮನೆಗಳಿಗೆ ಬೆಂಕಿ ಹಾಕಿ, ಎಲ್ಲರನ್ನೂ ಶಾಲೆಯ ಬಯಲಿಗೆ ಎಳೆದು ತಂದಿತು. ಅಲ್ಲಿ ಒಂದು ಮಾತು ಕೂಗಿದರು. ಸೇನೆ, ಪೊಲೀಸಿನಲ್ಲಿ ಇರುವವರ ಮನೆಯವರು ಈ ಕಡೆ ಬನ್ನಿ ಅಂತ. ಅವರನ್ನು ಬೇರೆ ನಿಲ್ಲಿಸಿದರು. ಉಳಿದವರನ್ನು ಗುಂಪು ಗುಂಪಾಗಿ ಪಕ್ಕದ ಹೊಲಗಳಿಗೆ ಕರೆದೊಯ್ದು ಕೊಂದರು. 300ಕ್ಕೂ ಜಾಸ್ತಿ ಜನ.

ಆ ಬಯಲಿನಲ್ಲಿ ಇಬ್ಬರು ನೀರುಗೆಳತಿಯರನ್ನು ನಿಲ್ಲಿಸಿ ನೋಡಿ. ನಿನ್ನೆವರೆಗೂ ಒಬ್ಬಳ ತೇವಾಕ್ ಮೇಲೆ ಇನ್ನೊಬ್ಬಳ ಕಣ್ಣು. ಒಬ್ಬಳ ತಮ್ಮ ಪೊಲೀಸ್. ಅವಳು ಈ ಕಡೆಗೆ ನಡೆಯುತ್ತಾಳೆ. ನಡೆಯದೆ ಏನು ಮಾಡಬೇಕು? ಕೈಯಲ್ಲಿ ಮಗು ಇದೆ. ಹಿಂದೆ ತಿರುಗಿ ನೋಡಿದಳೋ ಇಲ್ಲವೋ? ಇದು ನಾನು ಕಟ್ಟಿದ ಪ್ರಸಂಗ, ದಾಖಲೆ ಅಲ್ಲ. ಆದರೆ ಇಂಥ ಕಥೆಯಲ್ಲಿ ಸ್ನೇಹ ಯಾಕೆ ನಡುವೆ ಬರುತ್ತದೆ ಅಂತ ನನಗೆ ಗೊತ್ತಾದದ್ದು ಇಲ್ಲಿ. ಮೊದಲು ನನಗೆ ಸ್ನೇಹ ಅನ್ನುವುದು ಕಥೆಗೆ ಹಾಕುವ ಒಗ್ಗರಣೆ ಆಗಿತ್ತು. ಈ ಊರಿನಲ್ಲಿ ಅದು ಹೊಟ್ಟೆಪಾಡಿನ ನಿಯಮ. ಕತ್ತರಿ ಬಿದ್ದದ್ದು ಆ ನಿಯಮಕ್ಕೇ.

ಆಮೇಲೆ ಏನಾಯಿತು? ಕಾದಂಬರಿಗಳು ಇಲ್ಲಿ ಕ್ಷಮೆಯ ಕಡೆಗೆ ಓಡುತ್ತವೆ. ನಲವತ್ತು ವರ್ಷದ ಮುನಿಸು, ಕೊನೆಗೆ ಒಂದು ಪತ್ರ, ಕಣ್ಣೀರು. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಹಳ್ಳಿಯ ಸಮುದ್ರ ಹಳ್ಳಿಯವರೆಲ್ಲರದು. ಹೋದರೆ ಎಲ್ಲರ ಜೊತೆ ಹೋಗಬೇಕು, ಒಬ್ಬಳೇ ಹೋಗುವ ಹಾಗಿಲ್ಲ. ಅಂದರೆ ಕ್ಷಮಿಸುವುದೋ ಬಿಡುವುದೋ ತೀರ್ಮಾನ ಆಗುವ ಮೊದಲೇ, ಮಕ್ಕಳ ಹೊಟ್ಟೆಗಾಗಿ, ಆ ಇಬ್ಬರೂ ಒಂದೇ ಬೆಂಕಿಯ ಸುತ್ತ ಕೂತಿರಬೇಕು. ಮಾತಿಲ್ಲದೆ. ಅವಳು ಮೇಲೆ ಬಂದಳಾ ಅಂತ ಇವಳು ನೋಡಿರಬೇಕು, ಸಿಟ್ಟಿದ್ದರೂ. ಈ ನೋಟವನ್ನು ಬರೆಯುವುದು ಕಷ್ಟ. ಪತ್ರ ಬರೆಸುವುದು ಸುಲಭ.

ಹಾಗೆ ಬದುಕಿದ ಹೆಂಗಸರು ಏನು ಮಾಡಿದರು ಅನ್ನುವುದಕ್ಕೆ ಒಂದು ಗಟ್ಟಿ ಉದಾಹರಣೆ ಇದೆ. ಒನ್‌ಪ್ಯೊಂಗ್ ಹಳ್ಳಿಯ ಶಾಲೆ 1950ರಲ್ಲಿ ಸುಟ್ಟುಹೋಯಿತು. ಆ ವರ್ಷವೇ ಕೊರಿಯಾ ಯುದ್ಧ, ಸರ್ಕಾರದ ಹತ್ತಿರ ದುಡ್ಡೆಲ್ಲಿಂದ? ಹೆನ್ಯೊಗಳು ತಮ್ಮ ಸಮುದ್ರದ ಒಂದು ಭಾಗಕ್ಕೆ "ಶಾಲೆಯ ಸಮುದ್ರ" ಅಂತ ಹೆಸರಿಟ್ಟರು. ಅಲ್ಲಿ ಸಿಕ್ಕ ಪಾಚಿಯ ದುಡ್ಡೆಲ್ಲ ಶಾಲೆ ಕಟ್ಟಲು. ದೇವರ ಹೆಸರಿನಲ್ಲಿ ಗದ್ದೆ ಬಿಡುವುದು ನಮಗೆ ಗೊತ್ತು. ಮಕ್ಕಳ ಹೆಸರಿನಲ್ಲಿ ಸಮುದ್ರ ಬಿಟ್ಟದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಇನ್ನೊಂದು ಘಟನೆ ಬುಕ್‌ಚೊನ್‌ನದೇ. 1954ರಲ್ಲಿ ಊರಿನ ಒಬ್ಬ ಸೈನಿಕನಿಗೆ ಶಾಲೆಯ ಬಯಲಿನಲ್ಲಿ ಅಂತಿಮ ಗೌರವ ನಡೆಯುತ್ತಿತ್ತು. ಇದೇ ಬಯಲಲ್ಲವೇ ಅಂತ ನೆನಪಾಗಿ, ಐದು ವರ್ಷದ ಹಿಂದೆ ಸತ್ತವರಿಗೂ ಜನ ಒಂದು ಲೋಟ ಮದ್ಯ ಎರೆದು, "ಅಯ್‌ಗೋ" ಅಂತ ಅತ್ತುಬಿಟ್ಟರು. ಅಯ್‌ಗೋ ಅಂದರೆ ನಮ್ಮ ಅಯ್ಯೋ. ಅತ್ತದ್ದಕ್ಕೆ ಪೊಲೀಸರು ಕರೆಸಿದರು. ಇನ್ನು ಹೀಗೆ ಮಾಡುವುದಿಲ್ಲ ಅಂತ ಊರಿನ ಮುಖ್ಯಸ್ಥನಿಂದ ಬರೆಸಿಕೊಂಡರು. ಅಳುವುದೇ ತಪ್ಪು. ಸತ್ತವರ ಮನೆಯವರಿಗೆ ದಶಕಗಳ ಕಾಲ ಸರ್ಕಾರಿ ಕೆಲಸಕ್ಕೂ ಅಡ್ಡಿ.

ಉಸಿರು ಹಿಡಿಯುವ ಹೆಂಗಸರು, ಮಾತು ಹಿಡಿದ ದ್ವೀಪ. ಈ ಹೋಲಿಕೆ ನಿಮಗೆ ಈಗಾಗಲೇ ಹೊಳೆದಿರುತ್ತದೆ. ನನಗೂ ಹೊಳೆಯಿತು, ಎರಡು ಪುಟ ಬರೆದೂ ಬಿಟ್ಟೆ. ನನ್ನ ಗೆಳತಿ ಅದನ್ನೂ ಹೊಡೆದುಹಾಕಿದಳು. "ಅವರು ಉಸಿರು ಹಿಡಿಯುವುದು ತಾವಾಗಿ, ಎರಡು ನಿಮಿಷ. ಇದು ಬೇರೆಯವರು ಬಾಯಿ ಮುಚ್ಚಿದ್ದು, ಐವತ್ತು ವರ್ಷ. ಎರಡೂ ಹೇಗೆ ಒಂದೇ ಆಗುತ್ತದೆ?" ಅಂದಳು. ಒಪ್ಪಿಕೊಂಡೆ.

ಆ ಮೌನವನ್ನು ಮೊದಲು ಒಡೆದದ್ದು ಇತಿಹಾಸಕಾರರಲ್ಲ, ಒಂದು ಕಥೆ. ಜೆಜುವಿನವರೇ ಆದ ಹ್ಯೊನ್ ಕಿ ಯೊಂಗ್ 1978ರಲ್ಲಿ "ಸುನಿ ಸಾಮ್‌ಚೊನ್" ಬರೆದರು. ಹೊಲದಲ್ಲಿ ಹೆಣಗಳ ನಡುವೆ ಬದುಕಿ ಉಳಿದ ಹೆಂಗಸೊಬ್ಬಳ ಕಥೆ. ಸಾಮ್‌ಚೊನ್ ಅಂದರೆ ಕೊರಿಯಾದಲ್ಲಿ ಚಿಕ್ಕಪ್ಪ. ಜೆಜುವಿನಲ್ಲಿ ಮಾತ್ರ ಊರಿನ ಹಿರಿಯರು ಗಂಡಾಗಲಿ ಹೆಣ್ಣಾಗಲಿ ಎಲ್ಲರೂ ಸಾಮ್‌ಚೊನ್. ನಾವು ಬೀದಿಯವರನ್ನೆಲ್ಲ ಅತ್ತೆ, ದೊಡ್ಡಮ್ಮ ಅನ್ನುವ ಹಾಗೆ. ಕಥೆ ಬಂದ ಮೇಲೆ ಲೇಖಕರನ್ನು ಹಿಡಿದು ಹಿಂಸೆ ಕೊಟ್ಟರು, ಪುಸ್ತಕಕ್ಕೆ ನಿಷೇಧ ಹಾಕಿದರು. ಸರ್ಕಾರದ ತನಿಖೆಗೆ ಕಾಯ್ದೆ ಬಂದದ್ದು 2000ದಲ್ಲಿ. 2003ರಲ್ಲಿ ಅಧ್ಯಕ್ಷ ರೋ ಮೂ ಹ್ಯುನ್ ಜೆಜುಗೆ ಬಂದು ಕ್ಷಮೆ ಕೇಳಿದರು. ಕಥೆ ಬಂದು ಇಪ್ಪತ್ತೈದು ವರ್ಷವಾಗಿತ್ತು. 2024ರಲ್ಲಿ ನೊಬೆಲ್ ಪಡೆದ ಹಾನ್ ಕಾಂಗ್ ಅವರ ಜೆಜು ಕಾದಂಬರಿಯಲ್ಲೂ ನಡುವೆ ಇರುವುದು ಇಬ್ಬರು ಗೆಳತಿಯರೇ.

"ಈಗಲೂ ಮುಳುಗುತ್ತಾರಾ?" ಅಂತ ಹಿಂದಿನ ಸಾಲಿನಿಂದ ಪ್ರಶ್ನೆ ಬಂತು. ಮುಳುಗುತ್ತಾರೆ. 2016ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದರು. ಆದರೆ 1970ರಲ್ಲಿ ಸುಮಾರು 14,000 ಇದ್ದವರು ಈಗ 3,000ಕ್ಕೂ ಕಡಿಮೆ. ಹೆಚ್ಚಿನವರು ಅರವತ್ತು, ಎಪ್ಪತ್ತು ದಾಟಿದವರು.

ಈಗ ಅನ್ನದ ವಿಷಯ. ಜೆಜುವಿನ ಕಲ್ಲು ನೀರು ಹಿಡಿಯುವುದಿಲ್ಲ. ಗದ್ದೆ ಬಹಳ ಕಡಿಮೆ. ತಿನ್ನುತ್ತಿದ್ದದ್ದು ಜವೆಗೋಧಿ, ನವಣೆಯಂಥ ಕಿರುಧಾನ್ಯ. ಬಿಳಿ ಅನ್ನಕ್ಕೆ ಅಲ್ಲಿ ಗೊನ್‌ಬಾಪ್ ಅಂತ ಹೆಸರು, ಚೆಂದದ ಅನ್ನ. ಹಿರಿಯರಿಗೆ ಎಡೆ ಇಡುವ ರಾತ್ರಿ ಮಾತ್ರ ಮಾಡುತ್ತಿದ್ದರು. ಮಕ್ಕಳು ನಿದ್ದೆ ಕೆಟ್ಟು ಕಾಯುತ್ತಿದ್ದರು. ನಾನು ಇಬ್ಬರು ಬಡ ಹುಡುಗಿಯರಿಗೆ ಸಮುದ್ರದ ದಡದಲ್ಲಿ, ಹಗಲು ಹೊತ್ತಿನಲ್ಲಿ, ಸುಮ್ನೆ ಬಡಿಸಿಬಿಟ್ಟಿದ್ದೆ.

ಕಥೆಯನ್ನು ಮತ್ತೆ ಬರೆಯುತ್ತಿದ್ದೇನೆ. ರಬ್ಬರ್ ಉಡುಪು ತೆಗೆದೆ, ಒಬ್ಬಳೇ ಹೋಗಿ ಸಾಯುವುದನ್ನೂ ತೆಗೆದೆ. ಅನ್ನವನ್ನು ಮಾತ್ರ ಇಟ್ಟುಕೊಂಡಿದ್ದೇನೆ, ಜಾಗ ಬದಲಿಸಿ. ಬುಕ್‌ಚೊನ್‌ನಲ್ಲಿ ಅಷ್ಟೂ ಜನ ಒಂದೇ ದಿನ ಸತ್ತದ್ದರಿಂದ, ಊರಿನ ಮನೆಮನೆಯಲ್ಲೂ ಎಡೆ ಒಂದೇ ರಾತ್ರಿ. ನನ್ನ ಕಥೆ ಈಗ ಆ ರಾತ್ರಿಯಿಂದ ಶುರು. ಊರಿಡೀ ಅನ್ನ ಬೇಯುವ ವಾಸನೆ. ಆರು ವರ್ಷದ ಹುಡುಗಿಯೊಬ್ಬಳು ಖುಷಿಯಿಂದ ಬಾಗಿಲಲ್ಲಿ ನಿಂತಿದ್ದಾಳೆ. ಅವಳ ಅಮ್ಮ ಒಂದು ಬಟ್ಟಲು ಚೆಂದದ ಅನ್ನ ಅವಳ ಕೈಗೆ ಕೊಟ್ಟು, ಆಚೆ ಮನೆಯ ಸಾಮ್‌ಚೊನ್‌ಗೆ ಕೊಟ್ಟು ಬಾ ಅನ್ನುತ್ತಾಳೆ. ಆ ಮನೆಯಲ್ಲಿ ಆ ದಿನ ಯಾರೂ ಸತ್ತಿರಲಿಲ್ಲ. ಅಲ್ಲಿ ಒಲೆ ಹಚ್ಚಿಲ್ಲ. ಹುಡುಗಿ ಕತ್ತಲಲ್ಲಿ ಆ ಬಾಗಿಲ ತನಕ ಹೋಗಿದ್ದಾಳೆ. ಅಲ್ಲಿವರೆಗೆ ಬರೆದಿದ್ದೇನೆ.